ರಾಜನ ಹೊಟ್ಟೆಯಲ್ಲೂ ಜಂತುಹುಳ!



ಮಗು ಹೊಟ್ಟೆನೋವೆಂದು ಮುದುಡಿ ಕೂತರೆ ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಮನೆಗಳಲ್ಲಿ ಮೊದಲು ಬೈಸಿಕೊಳ್ಳುವುದು ಕೊಬ್ಬರಿ-ಬೆಲ್ಲ. "ಬೆಲ್ಲ ತಿಂದೂ ತಿಂದೂ ಹುಳ ಆಗಿದೆ" ಎಂದು ಅತ್ತೆಯವರು ಡಬ್ಬವನ್ನು ಅಟ್ಟಕ್ಕೇರಿಸುತ್ತಾರೆ. ಬೈಗುಳದಲ್ಲಿ ಅರ್ಧ ಪಾಲು ಸೊಸೆಗೆ! ಆದರೆ ತಪ್ಪು ನಿಜವಾಗಿ ಬೆಲ್ಲದ್ದೇ?

ಒಂದು ಕಥೆ ಕೇಳಿ. ಇಂಗ್ಲೆಂಡಿನ ದೊರೆ ಮೂರನೇ ರಿಚರ್ಡ್ 1485ರಲ್ಲಿ ಯುದ್ಧದಲ್ಲಿ ಸತ್ತ. 2012ರಲ್ಲಿ ಲೆಸ್ಟರ್ ಊರಿನಲ್ಲಿ, ಕಾರು ನಿಲ್ಲಿಸುವ ಜಾಗದ ಕೆಳಗೆ ಅವನ ಅಸ್ಥಿಪಂಜರ ಸಿಕ್ಕಿತು. ಕರುಳಿದ್ದ ಕಡೆಯ ಮಣ್ಣನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಜಂತುಹುಳದ ಮೊಟ್ಟೆಗಳು! ತಲೆಬುರುಡೆಯ ಹತ್ತಿರದ ಮಣ್ಣಿನಲ್ಲಿ ಇರಲಿಲ್ಲ. ಅಂದಮೇಲೆ ಹುಳವಿದ್ದದ್ದು ರಾಜನ ಹೊಟ್ಟೆಯಲ್ಲೇ. ಅರೆಬೆಂದ ಮಾಂಸ, ಮೀನಿನಿಂದ ಬರುವ ಲಾಡಿಹುಳದ ಮೊಟ್ಟೆ ಮಾತ್ರ ಒಂದೂ ಸಿಗಲಿಲ್ಲ. ಅರಮನೆಯಲ್ಲಿ ಮಾಂಸ ಚೆನ್ನಾಗಿ ಬೇಯುತ್ತಿತ್ತೆಂದು ಸಂಶೋಧಕರ ಊಹೆ. ಒಲೆ ಸರಿಯಿತ್ತು, ಅಡುಗೆಯವರ ಕೈಯೋ, ಹೊಲಸು ಗೊಬ್ಬರ ಮೆತ್ತಿದ ಸೊಪ್ಪೋ ಕೆಟ್ಟಿದ್ದಿರಬೇಕು.

ನೋಡಿದಿರಾ? ಜಂತುಹುಳ ಸಿಹಿಯಿಂದ ಹುಟ್ಟುವುದಿಲ್ಲ. ಹುಳವಿದ್ದವರ ಮಲದೊಂದಿಗೆ ಮೊಟ್ಟೆ ಮಣ್ಣು ಸೇರಿ, ಕೈ, ತರಕಾರಿ, ನೀರಿನ ಮೂಲಕ ಇನ್ನೊಬ್ಬರ ಬಾಯಿಗೆ ಬರುತ್ತದೆ. ಮಗುವಿನ ಊಟದ ಸಾರವನ್ನು ಅದೇ ಕದಿಯುತ್ತದೆ.

ನಮ್ಮ ಕರ್ನಾಟಕದಲ್ಲೇ ಹಿಂದೆ ನಾರುಹುಣ್ಣು ಇತ್ತು. ಮೆಟ್ಟಿಲು ಬಾವಿಯ ನೀರು ಕುಡಿದವರ ಕಾಲಿನಿಂದ ದಾರದಂಥ ಹುಳ ಹೊರಬರುತ್ತಿತ್ತು. 1975ರಲ್ಲಿ ಮ್ಯಾಂಚೆಸ್ಟರಿನಲ್ಲಿ ಪರೀಕ್ಷಿಸಿದ ಈಜಿಪ್ಟಿನ ಪುರಾತನ ಹುಡುಗಿಯ ಶವದಲ್ಲೂ ಅದೇ ಹುಳ ಸುಣ್ಣಗಟ್ಟಿ ಉಳಿದಿತ್ತು. ಅಷ್ಟು ಹಳೆಯ ಪೀಡೆ ನಮ್ಮ ದೇಶದಿಂದ ತೊಲಗಿತೆಂದು 2000ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಅದನ್ನು ಓಡಿಸಿದ್ದರಲ್ಲಿ ಹೆಂಗಸರು ನೀರು ಸೋಸಿದ ಬಟ್ಟೆಗೂ ಪಾಲಿದೆ!

ಇನ್ನು ನಮ್ಮ ಕೆಲಸ:

ಶೌಚದ ನಂತರ, ಅಡುಗೆಗೆ ಮುಂಚೆ ಸೋಪು ಹಾಕಿ ಕೈ ತೊಳೆಯಿರಿ.

ಹಸಿಯಾಗಿ ತಿನ್ನುವ ಕೊತ್ತಂಬರಿ, ಸೌತೆ, ಮೂಲಂಗಿಯನ್ನು ಎರಡು-ಮೂರು ನೀರಿನಲ್ಲಿ ತೊಳೆಯಿರಿ.

ಮಕ್ಕಳ ಉಗುರು ಕತ್ತರಿಸಿ. ತೋಟಕ್ಕೆ ಹೋಗುವಾಗ ಚಪ್ಪಲಿ ಹಾಕಿಸಿ. ಕೊಕ್ಕೆಹುಳ ಬರಿಗಾಲಿನ ಚರ್ಮದಿಂದಲೇ ಒಳಹೊಗುತ್ತದೆ.

ಅಂಗನವಾಡಿ, ಶಾಲೆಯಲ್ಲಿ 1ರಿಂದ 19 ವರ್ಷದವರಿಗೆ ಕೊಡುವ ಆಲ್ಬೆಂಡಜೋಲ್ ಮಾತ್ರೆ ತಪ್ಪಿಸಬೇಡಿ. ಮಗು ಸೊರಗಿದ್ದರೆ ವೈದ್ಯರಿಗೆ ತೋರಿಸಿ.

ಈಗ ಅತ್ತೆಯವರಿಗೆ ರಾಜನ ಕಥೆ ಹೇಳಿ, ಅಟ್ಟದ ಡಬ್ಬ ಇಳಿಸಿ. ಮಗುವಿಗೆ ಕೊಬ್ಬರಿ-ಬೆಲ್ಲ ಕೊಡಿ, ಕೈ ತೊಳೆಸಿದ ಮೇಲೆ!