ಹಡಗಿಲ್ಲದವರಿಗೆ ಹಡಗಿನ ಅವಸರ

ವಿಹಾರ ಹಡಗಿನವರಿಗೆ ಒಂದು ನೆಪವಾದರೂ ಇದೆ. ಪಣಂಬೂರಿನ ನವಮಂಗಳೂರು ಬಂದರಿನಲ್ಲಿ ಬೆಳಿಗ್ಗೆ ಇಳಿದವರು ಸಂಜೆಯೊಳಗೆ ಮತ್ತೆ ಹಡಗು ಹತ್ತಲೇಬೇಕು. ಹಾಗಾಗಿ ಇಳಿಯುತ್ತಲೇ ಚೆಂಡೆಯ ಸ್ವಾಗತ, ಯಕ್ಷಗಾನದ ವೇಷದ ಪಕ್ಕ ನಿಂತು ಫೋಟೊ, ಆಮೇಲೆ ಬಸ್ಸು. ಕುದ್ರೋಳಿ ದೇವಸ್ಥಾನ, ಸಂತ ಅಲೋಶಿಯಸ್ ಚಾಪೆಲ್, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಗೋಡಂಬಿ ಕಾರ್ಖಾನೆ, ಒಂದಿಷ್ಟು ಮಾರುಕಟ್ಟೆ. ಪ್ರವಾಸೋದ್ಯಮದ ಭಾಷೆಯಲ್ಲಿ ಇದಕ್ಕೆ ‘ಶೋರ್ ಎಕ್ಸ್‌ಕರ್ಷನ್’ ಎನ್ನುತ್ತಾರೆ. ಕಾಸು ಕೊಟ್ಟು ಬಂದ ನಿವೃತ್ತ ದಂಪತಿ ಹೀಗೆ ಊರು ನೋಡಿಹೋದರೆ ನನಗೇನೂ ತಕರಾರಿಲ್ಲ. ನನ್ನ ತಕರಾರು ಇರುವುದು ಧಾರವಾಡದಿಂದ ಪ್ರತಿ ಡಿಸೆಂಬರಿನಲ್ಲಿ ಕರಾವಳಿಗೆ ಇಳಿಯುವ ನಮ್ಮ ಕಾಲೇಜು ಬಸ್ಸುಗಳ ಬಗ್ಗೆ. ದಕ್ಕೆಯಲ್ಲಿ ನಮಗಾಗಿ ಯಾವ ಹಡಗೂ ಕಾಯುತ್ತಿಲ್ಲ. ಆದರೂ ನಾವು ಓಡುವುದು ಹಡಗಿನವರ ಹಾಗೆಯೇ.

‘ಅಧ್ಯಯನ ಪ್ರವಾಸ’ ಎಂದು ಸೂಚನಾ ಫಲಕದಲ್ಲಿ ಅಂಟಿಸುವ ಹಾಳೆಯನ್ನು ಒಮ್ಮೆ ಓದಿ ನೋಡಿ. ರಾತ್ರಿ ಹತ್ತಕ್ಕೆ ಹೊರಡುವುದು. ನಸುಕಿನಲ್ಲಿ ಗೋಕರ್ಣ, ತಿಂಡಿ, ಮುರುಡೇಶ್ವರ, 123 ಅಡಿಯ ಶಿವನ ಮುಂದೆ ಗುಂಪುಚಿತ್ರ, ಉಡುಪಿಯಲ್ಲಿ ಊಟ, ಮಲ್ಪೆಯಲ್ಲಿ ಸೂರ್ಯಾಸ್ತ. ಮರುದಿನವೂ ಇಷ್ಟೇ ಉದ್ದದ ಪಟ್ಟಿ. ಕೊನೆಯಲ್ಲಿ ‘ಯಕ್ಷಗಾನ ಪ್ರಾತ್ಯಕ್ಷಿಕೆ: 30 ನಿಮಿಷ’. ಅಲ್ಲಿ ವೇಷ ಕಟ್ಟಲು ಹಿಡಿದ ಹೊತ್ತಿಗಿಂತ ಕುಣಿದ ಹೊತ್ತು ಕಡಿಮೆ. ರಾತ್ರಿಯಿಡೀ ನಡೆಯುವ ಆಟವನ್ನು ಅರ್ಧ ತಾಸಿಗೆ ಇಳಿಸಿದಾಗ ಮೊದಲು ಬಿದ್ದುಹೋಗುವುದು ಅರ್ಥಗಾರಿಕೆ, ಅಂದರೆ ಮಾತು. ಸಾಹಿತ್ಯದ ವಿದ್ಯಾರ್ಥಿಗಳಿಗೆ ಮಾತು ತೆಗೆದ ಯಕ್ಷಗಾನ ತೋರಿಸಿ ಕರೆತರುತ್ತೇವೆ. ಬಂದ ಮೇಲೆ ಎಲ್ಲರೂ ಪ್ರವಾಸ ವರದಿ ಬರೆಯುತ್ತಾರೆ, ಎಲ್ಲರದೂ ಒಂದೇ ವರದಿ.

ಈ ಓಟದಲ್ಲಿ ತಪ್ಪಿಹೋಗುವುದು ಏನು? ಒಂದೇ ಒಂದು ಊರಿನ ಹೆಸರು ಹೇಳುತ್ತೇನೆ: ಕುಮಟಾ.

ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡದ ಕರಿಮಣ್ಣಿನ ಹತ್ತಿ ಕಡಲು ಸೇರುತ್ತಿದ್ದುದು ಈ ಬಂದರಿನಲ್ಲಿ. ಶಿರಸಿಯ ಮೇಲಿಂದ ದೇವಿಮನೆ ಘಟ್ಟ ಇಳಿದು, ಎತ್ತಿನ ಬೆನ್ನ ಮೇಲೆ, ಆಮೇಲೆ ಚಕ್ಕಡಿಗಳಲ್ಲಿ ಬಂದು, ಇಲ್ಲಿಂದ ಮುಂಬಯಿಗೆ ಹೋಗುತ್ತಿತ್ತು. ಎಷ್ಟರಮಟ್ಟಿಗೆ ಎಂದರೆ ನಮ್ಮ ನಾಟಿ ಹತ್ತಿಗೆ ಪೇಟೆಯಲ್ಲಿ ಬಿದ್ದ ಹೆಸರೇ ‘ಕುಮಟಾ’. ಬೆಳೆದ ಹೊಲದ ಹೆಸರು ಅಳಿಸಿ ಸಾಗಿಸಿದ ಬಂದರಿನ ಹೆಸರು ಅಂಟಿಕೊಂಡಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಲ್ಯಾಂಕಾಶೈರಿನ ಗಿರಣಿಗಳಿಗೆ ಅಲ್ಲಿನ ಹತ್ತಿ ನಿಂತಾಗ ನಮ್ಮ ಹತ್ತಿಗೆ ಹಿಂದೆಂದೂ ಕಾಣದ ಧಾರಣೆ ಬಂತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ಕಿತ್ತು ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ, ಕಾರವಾರದಲ್ಲಿ ಹತ್ತಿಗೊಂದು ಒಳ್ಳೆಯ ಬಂದರು ಬೇಕೆಂಬ ಮ್ಯಾಂಚೆಸ್ಟರಿನ ಒತ್ತಾಯವೂ ಇತ್ತು. 1880ರ ದಶಕದಲ್ಲಿ ಹುಬ್ಬಳ್ಳಿಗೆ ರೈಲು ಬಂದು ಮರ್ಮಗೋವಾದ ಹಾದಿ ತೆರೆದ ಮೇಲೆ ಕುಮಟಾದ ಹತ್ತಿ ವ್ಯಾಪಾರ ಸೊರಗಿತು.

ಹೋದ ಸಲ ಇಂಥದೊಂದು ಬಸ್ಸಿನಲ್ಲಿ ಮೇಲ್ವಿಚಾರಕರ ಜೊತೆ ಸಹಾಯಕ್ಕೆಂದು ನಾನೂ ಇದ್ದೆ. (ಸಂಶೋಧನಾ ವಿದ್ಯಾರ್ಥಿಗಳಿಗೆ ಇಂಥ ಕೆಲಸಗಳು ತಾವಾಗಿ ಒದಗಿಬರುತ್ತವೆ.) ಕುಮಟಾ ದಾಟುವಾಗ ನವಲಗುಂದದ ಕಡೆಯ ಹುಡುಗನೊಬ್ಬ ಮುಂದಿನ ಸೀಟಿನವರನ್ನು ಕೇಳಿದ: “ಇಲ್ಲೇನೈತ್ರಿ ಸರ?” “ಏನಿಲ್ಲಪಾ, ಊಟಕ್ಕ ಸುದ್ದಾ ಇಲ್ಲಿ ನಿಂದ್ರಂಗಿಲ್ಲ” ಎಂದರು. ನಾನು ಅವನ ಪಕ್ಕ ಹೋಗಿ ಕೂತು ಹತ್ತಿಯ ಕತೆ ಹೇಳಿ ಮುಗಿಸುವಷ್ಟರಲ್ಲಿ ಹೊನ್ನಾವರದ ಶರಾವತಿ ಸೇತುವೆ ಬಂದಿತ್ತು. ಅವನ ಮನೆಯವರು ಈಗಲೂ ಜಯಧರ ಹತ್ತಿ ಬೆಳೆಯುತ್ತಾರೆ. “ಹಂಗಾರ ನಮ್ಮ ಮುತ್ತಜ್ಜನ ಹತ್ತಿನೂ ಇಲ್ಲೇ ಬಂದಿರಬೇಕಲ್ರಿ?” ಎಂದು ಕಿಟಕಿಯಿಂದ ಹಿಂದೆ ನೋಡಿದ. ಇಡೀ ಪ್ರವಾಸದಲ್ಲಿ ಕಿವಿಗೆ ಬಿದ್ದ ಒಂದೇ ಒಂದು ಅಧ್ಯಯನದ ಪ್ರಶ್ನೆ ಅದು. ಬಸ್ಸು ನಿಲ್ಲಲಿಲ್ಲ, ಪಟ್ಟಿಯಲ್ಲಿ ಮುಂದಿನದು ಮುರುಡೇಶ್ವರ.

ಈ ರೋಗ ನಮಗಷ್ಟೇ ಅಂಟಿದ್ದಲ್ಲ. ವಿದ್ಯಾರ್ಥಿಗಳನ್ನೇ ಹೊತ್ತು ಲೋಕ ಸುತ್ತುವ ಹಡಗುಗಳಿವೆ. ಅಮೆರಿಕದ ‘ಸೆಮಿಸ್ಟರ್ ಅಟ್ ಸೀ’ ಅಂಥದ್ದು. ಹಡಗಿನಲ್ಲೇ ಪಾಠ, ಕೊಚ್ಚಿ, ಜಪಾನಿನ ಕೋಬೆಯಂಥ ಬಂದರುಗಳಲ್ಲಿ ತಂಗುವುದು. ಕೋಬೆಯಲ್ಲಿ ಇಳಿದವರಿಗೆ ಮಾರಲಾಗುವ ಸಂಸ್ಕೃತಿ ಎಂದರೆ ಸಾಮಾನ್ಯವಾಗಿ ಚಹಾ ವಿಧಿ, ಬಾಡಿಗೆಯ ಕಿಮೋನೊ, ಪಕ್ಕದ ಕ್ಯೋಟೋದ ದೇಗುಲಗಳು. ಕಾಲಿಟ್ಟ ಊರು ಹಾಗೇ ಉಳಿಯುತ್ತದೆ. 1893ರಲ್ಲಿ ಜಪಾನಿನ ಎನ್‌ವೈಕೆ ಕಂಪನಿ ಜೆಮ್‌ಶೆಟ್‌ಜಿ ಟಾಟಾ ಅವರ ಜೊತೆಗೂಡಿ ಮುಂಬಯಿಗೆ ಹಡಗು ಬಿಟ್ಟದ್ದು ಹತ್ತಿಗಾಗಿ. ಕೋಬೆಯಲ್ಲಿ ನೆಲೆ ನಿಂತ ಭಾರತೀಯ ವ್ಯಾಪಾರಿಗಳ ಗುರುತು ಕಿತಾನೊ ಸುತ್ತಮುತ್ತ ಇಂದಿಗೂ ಇದೆ: 1935ರ ಮಸೀದಿ, ಆಮೇಲೆ ಕಟ್ಟಿದ ಜೈನ ಮಂದಿರ. ಬಂದರಿನ ಸಂಸ್ಕೃತಿ ಇರುವುದು ಅಲ್ಲಿಗೆ ಏನು ಬಂತು, ಏನು ಹೋಯಿತು, ಯಾರು ಉಳಿದರು ಎಂಬುದರಲ್ಲಿ. ಅದನ್ನು ಕಿಮೋನೊ ಉಟ್ಟು ತಿಳಿಯಲಾಗದು.

ಇಷ್ಟು ಹೇಳಿದರೆ ಮೇಷ್ಟ್ರುಗಳಿಂದ ಬರುವ ಉತ್ತರ ನನಗೆ ಗೊತ್ತು. ಹುಡುಗರು ದುಡ್ಡು ಕೊಟ್ಟಿರುತ್ತಾರೆ, ಹೆಚ್ಚು ಜಾಗ ತೋರಿಸದಿದ್ದರೆ ಗೊಣಗುತ್ತಾರೆ. ಹೆಣ್ಣುಮಕ್ಕಳನ್ನು ಕಳಿಸಿದ ಮನೆಯವರು ತಾಸಿಗೊಮ್ಮೆ ಫೋನ್ ಮಾಡುತ್ತಾರೆ. ಎರಡನೆಯದು ನಿಜವಾದ ಕಷ್ಟ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಎರಡು ದಿನ ಒಂದೇ ಊರಿನಲ್ಲಿ ಉಳಿದ ತಂಡವನ್ನು ಕಾಯುವುದು ಸುಲಭವೋ, ರಾತ್ರಿಯೆಲ್ಲ ಘಟ್ಟದಲ್ಲಿ ಓಡುವ ಬಸ್ಸನ್ನೋ? ಇನ್ನು ಗೊಣಗುವವರ ಮಾತು. ಕಡಲಲ್ಲಿ ಆಡಬೇಕೆನ್ನುವ ಹುಡುಗರು ಆಡಲಿ, ಬಯಲುಸೀಮೆಯಿಂದ ಬಂದವರಿಗೆ ಅದಕ್ಕಿಂತ ದೊಡ್ಡ ಸುಖವಿಲ್ಲ. ಅದಕ್ಕೆ ಸುಮ್ಮನೆ ‘ಪ್ರವಾಸ’ ಎನ್ನೋಣ. ‘ಅಧ್ಯಯನ’ ಎಂದು ಸೇರಿಸಿ ಅಂಕ ಕೊಡುವುದು ಬೇಡ.

ಅಧ್ಯಯನವೇ ಆಗಬೇಕಿದ್ದರೆ ಕುಮಟಾ, ಅಂಕೋಲೆ, ನಡುವಿನ ಸಾಣಿಕಟ್ಟಾ ಇಷ್ಟೇ ಸಾಕು. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಉಪ್ಪಿನ ಸತ್ಯಾಗ್ರಹ ನಡೆದದ್ದು ಅಂಕೋಲೆಯಲ್ಲಿ. ಸಾಣಿಕಟ್ಟಾದ ಆಗರಗಳಲ್ಲಿ ಇಂದಿಗೂ ಉಪ್ಪು ತೆಗೆಯುತ್ತಾರೆ. ವಿದ್ಯಾರ್ಥಿಗಳು ಆಗರದ ಬದುವಿನ ಮೇಲೆ ಕೂತು ಉಪ್ಪು ಎಳೆಯುವವರನ್ನು ಮಾತಾಡಿಸಲಿ. ಅವರ ಕನ್ನಡ ಅರ್ಥವಾಗದೆ ಎರಡನೆಯ ಸಲ ಕೇಳಲಿ. ಮಧ್ಯಾಹ್ನದ ಹೊತ್ತು ಬೇಸರವಾಗಿ ಸುಮ್ಮನೆ ತಿರುಗಲಿ.

ಒಂದೇ ತೊಡಕು: ಉಪ್ಪು ಏಳುವುದು ಬೇಸಿಗೆಯಲ್ಲಿ. ಡಿಸೆಂಬರಿನಲ್ಲಿ ಹೋದರೆ ಬರಿಯ ಮಡಿಗಳು ಕಂಡಾವು. ಹಾಗಾಗಿ ಪ್ರವಾಸವನ್ನು ಮಾರ್ಚಿಗೆ ಹಾಕಬೇಕು. ಮಾರ್ಚಿನಲ್ಲಿ ಕಿರುಪರೀಕ್ಷೆ, ಆಗುವುದಿಲ್ಲ ಎನ್ನುತ್ತಾರೆ. ಕಿರುಪರೀಕ್ಷೆಯ ದಿನಾಂಕ ಗೊತ್ತುಮಾಡುವುದು ವಿಭಾಗದ ಅದೇ ಮೇಜಿನ ಮೇಲೆ, ಪ್ರವಾಸದ ಪಟ್ಟಿ ತಯಾರಾಗುವ ಮೇಜಿನ ಮೇಲೆ.