ಅರ್ಧದಾರಿಯಲ್ಲಿ ನಿಂತ ಹರಕೆ

ಆಗಸ್ಟ್ ತಿಂಗಳ ನಡುಭಾಗ ದಾಟುತ್ತಿದ್ದಂತೆ ಬೆಂಗಳೂರಿನಿಂದ ಹೊಸೂರಿನತ್ತ ಸಾಗುವ ಹೆದ್ದಾರಿಯ ಅಂಚಿನಲ್ಲಿ ಕಾವಿಬಟ್ಟೆ ತೊಟ್ಟು, ಕೊರಳಿಗೆ ಜಪಸರ ಹಾಕಿಕೊಂಡ ಯಾತ್ರಿಕರ ಗುಂಪುಗಳು ಕಾಣಿಸತೊಡಗುತ್ತವೆ. ಆಗಸ್ಟ್ 29ರಂದು ವೇಳಾಂಗಣಿಯಲ್ಲಿ ಧ್ವಜಾರೋಹಣ, ಸೆಪ್ಟೆಂಬರ್ 8ರಂದು ಮಾತೆ ಮರಿಯಮ್ಮನವರ ಜನ್ಮೋತ್ಸವ. ಅಷ್ಟರೊಳಗೆ ನಾನೂರು ಕಿಲೋಮೀಟರಿಗೂ ಮಿಕ್ಕಿದ ದಾರಿಯನ್ನು ನಡೆದು ಆರೋಗ್ಯಮಾತೆಯ ಪಾದ ಸೇರಬೇಕೆಂಬುದು ಅವರ ಹರಕೆ.

ಗುರಿ ಮುಟ್ಟಿದವರ ಭಕ್ತಿಯನ್ನು ಕುರಿತು ನಾವೆಲ್ಲರೂ ಸಾಕಷ್ಟು ಕೊಂಡಾಡಿದ್ದೇವೆ. ನಡುದಾರಿಯಲ್ಲಿ ಬಿದ್ದವರ ವಿಷಯದಲ್ಲಿ ಮಾತ್ರ ಮೌನ. ಒಮ್ಮೆ ಹಾಗೆ ಬಿದ್ದವರಲ್ಲಿ ನಾವೂ ಒಬ್ಬರಾದುದರಿಂದ ಈ ವಾರ ಆ ಮೌನವನ್ನು ಮುರಿಯುವ ಮನಸ್ಸಾಗಿದೆ.

ಕೆಲವು ವರ್ಷಗಳ ಹಿಂದೆ ನಮ್ಮ ಧರ್ಮಕೇಂದ್ರದ ಮೂವತ್ತು ಮಂದಿಯ ತಂಡದೊಡನೆ ನಾವೂ ಹೊರಟಿದ್ದೆವು. ಕೃಷ್ಣಗಿರಿ ತಲುಪುವಷ್ಟರಲ್ಲಿ ನಮ್ಮ ಎಡಗಾಲಿನ ಹಿಮ್ಮಡಿಯಲ್ಲಿ ಬೊಬ್ಬೆಯೆದ್ದು ಒಡೆಯಿತು. ಧರ್ಮಪುರಿಯ ಹೊತ್ತಿಗೆ ಪಾದ ಕೆಂಪೇರಿ ಬಾತು, ಮುಟ್ಟಿದರೆ ಕೈಗೆ ಬಿಸಿ ತಾಗುತ್ತಿತ್ತು. ರಾತ್ರಿ ಚಳಿಜ್ವರ. ಯಾರಿಗೂ ಹೇಳಲಿಲ್ಲ. ಹೊರಡುವ ದಿನ ಬಲಿಪೀಠದ ಬಳಿ ನಿಂತು ಶಿಲುಬೆ ಹೊರುವ ಮಾತಾಡಿದ ಗುರುವೇ ಕುಂಟಿದರೆ ಹಿಂದೆ ಬರುವವರ ಗತಿಯೇನೆಂದು ಯೋಚಿಸಿದೆವು. ಅಂದು ಅದನ್ನು ತ್ಯಾಗವೆಂದೇ ಭಾವಿಸಿದ್ದೆವು. ಅದು ಬರಿಯ ಜಂಬ.

ಧರ್ಮಪುರಿ ದಾಟಿ ಸೇಲಂ ಕಡೆಗೆ ಹೋಗುವಾಗ ತೊಪ್ಪೂರು ಘಟ್ಟವನ್ನು ಇಳಿಯಬೇಕು. ಹತ್ತುವುದಕ್ಕಿಂತ ಇಳಿಯುವುದು ಮೊಣಕಾಲಿಗೆ ಕಷ್ಟವೆಂಬುದನ್ನು ನಡೆದವರೇ ಬಲ್ಲರು. ಬೆಳಗಿನ ಜಾವದ ಕತ್ತಲೆಯಲ್ಲಿ, ಹಿಂದಿನಿಂದ ಬಂದ ಲಾರಿಯೊಂದರ ಹಾರನ್ನಿಗೆ ಬೆದರಿ ರಸ್ತೆಯಂಚಿನಿಂದ ಕೆಳಗೆ ಕಾಲಿಟ್ಟೆವು. ಕಾಲು ಉಳುಕಿ ಕಲ್ಲುಗಳ ಮೇಲೆ ಬಿದ್ದೆವು. ಎಬ್ಬಿಸಲು ಬಂದವರ ಕೈಗೆ ನಮ್ಮ ಜ್ವರವೂ ಸಿಕ್ಕಿಬಿದ್ದಿತು.

ನಮ್ಮ ಒತ್ತಾಯಕ್ಕೆ ತಂಡ ಮುಂದೆ ಹೋಯಿತು. ಇಪ್ಪತ್ತೆರಡು ವರ್ಷದ ಒಬ್ಬ ತರುಣ ಮಾತ್ರ ಹೋಗಲೊಪ್ಪದೆ, ಟೆಂಪೋ ನಿಲ್ಲಿಸಿ ನಮ್ಮನ್ನು ಸೇಲಮಿನ ಆಸ್ಪತ್ರೆಗೆ ಸೇರಿಸಿದ. ಮೂರು ರಾತ್ರಿ ಮಂಚದ ಪಕ್ಕದಲ್ಲಿ ನೆಲದ ಮೇಲೆ ಮಲಗಿದ. ನಾಲ್ಕನೆಯ ದಿನ ತಲೆ ತಗ್ಗಿಸಿಕೊಂಡು ಕೇಳಿದ: “ಸ್ವಾಮಿ, ಅಮ್ಮನ ಆಪರೇಷನ್ ಚೆನ್ನಾಗಿ ಆದರೆ ನಡೆದು ಬರ್ತೀನಿ ಅಂತ ಹರಕೆ ಹೊತ್ತಿದ್ದೆ. ಆಪರೇಷನ್ ಏನೋ ಆಯ್ತು. ಈಗ ನಾನು ನಡೆದು ಮುಟ್ಟಲಿಲ್ಲವಲ್ಲ, ಅಮ್ಮನಿಗೆ ಏನಾದರೂ ಆಗುತ್ತಾ?”

ವಾಚಕರೇ, ಯಾತ್ರಿಕರ ಕಾಲಿನ ಗಾಯಕ್ಕಿಂತ ಆಳವಾದ ಗಾಯ ಇದು. ಬಸ್ಸು ಹತ್ತಿದರೆ ಮಾತೆ ಮುನಿಯುತ್ತಾಳೆ, ಕೊಟ್ಟ ವರವನ್ನು ಹಿಂದಕ್ಕೆ ಕಿತ್ತುಕೊಳ್ಳುತ್ತಾಳೆ ಎಂಬ ಭಯದಿಂದಲೇ ಎಷ್ಟೋ ಮಂದಿ ಜ್ವರದಲ್ಲೂ, ಕೀವು ತುಂಬಿದ ಕಾಲಿನಲ್ಲೂ ನಡೆಯುತ್ತಾರೆ. ಧರ್ಮಸಭೆ ಎಂದೂ ಹೀಗೆ ಬೋಧಿಸಿಲ್ಲ. 1983ರ ಧರ್ಮಸಭೆಯ ಕಾನೂನು ಸಂಹಿತೆಯ ಪ್ರಕಾರ ಹರಕೆಯೆಂಬುದು ಸಾಧ್ಯವಾದ ಮತ್ತು ಹೆಚ್ಚು ಒಳ್ಳೆಯದಾದ ಕಾರ್ಯವನ್ನು ಕುರಿತು ದೇವರಿಗೆ ಮಾಡುವ ವಾಗ್ದಾನ. ಅಸಾಧ್ಯವಾದದ್ದು ಹರಕೆಯ ವಸ್ತುವೇ ಅಲ್ಲ. ನ್ಯಾಯವಾದ ಕಾರಣವಿದ್ದರೆ ಖಾಸಗಿ ಹರಕೆಯಿಂದ ವಿನಾಯಿತಿ ಕೊಡುವ ಅಧಿಕಾರ ಧರ್ಮಾಧ್ಯಕ್ಷರಿಗಷ್ಟೇ ಅಲ್ಲ, ಧರ್ಮಕೇಂದ್ರದ ಗುರುವಿಗೂ ಉಂಟು. ತನ್ನ ಜನರಿಗೆ ಮಾತ್ರವಲ್ಲ, ಅಲ್ಲಿಗೆ ಬಂದ ಪ್ರಯಾಣಿಕರಿಗೂ ಅವನು ಅದನ್ನು ಕೊಡಬಲ್ಲ. ಅಂದರೆ ದಾರಿಯುದ್ದಕ್ಕೂ ಸಿಗುವ ಪ್ರತಿಯೊಂದು ಧರ್ಮಕೇಂದ್ರದ ಬಾಗಿಲಲ್ಲೂ ಬಿದ್ದವನಿಗೆ ಬಿಡುಗಡೆಯಿದೆ. ನಮ್ಮ ಜನರಲ್ಲಿ ಎಷ್ಟು ಮಂದಿಗೆ ಇದು ಗೊತ್ತು? ಗೊತ್ತಿಲ್ಲವಾದರೆ ತಪ್ಪು ನಮ್ಮಂಥ ಗುರುಗಳದ್ದೇ.

ಅದೇ ಸಂಹಿತೆ ಇನ್ನೊಂದು ಮಾತನ್ನೂ ಹೇಳುತ್ತದೆ. ಹರಕೆ ಹೊತ್ತವನು ಅದನ್ನು ಸಮನಾದ ಅಥವಾ ಇನ್ನೂ ಮೇಲಾದ ಪುಣ್ಯಕಾರ್ಯಕ್ಕೆ ತಾನೇ ಬದಲಿಸಿಕೊಳ್ಳಬಹುದು. ಆ ತರುಣ ನಮ್ಮನ್ನು ಕೇಳುವುದಕ್ಕೆ ಮೊದಲೇ, ಟೆಂಪೋಗೆ ಕೈಯೆತ್ತಿದ ಗಳಿಗೆಯಲ್ಲೇ, ಬದಲಿಸಿಕೊಂಡಿದ್ದ. ಹಾಗೆಂದು ಅವನಿಗೆ ತಿಳಿಹೇಳಿದೆವು. ಅವನು ಪೂರ್ತಿ ನಂಬಿದಂತೆ ಕಾಣಲಿಲ್ಲ. ಕೊನೆಗೆ ವಿನಾಯಿತಿಯನ್ನೂ ಕೊಟ್ಟು, ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿದೆವು.

ಸೆಮಿನರಿಯಲ್ಲಿ ತತ್ತ್ವಶಾಸ್ತ್ರ ಕಲಿಯುವಾಗ ಸಂತ ತೋಮಸ್ ಅಕ್ವಿನಾಸರ ವಾದಗಳನ್ನು ಕಂಠಪಾಠ ಮಾಡುತ್ತಿದ್ದೆವು. ಸಾಮಾನ್ಯವಾಗಿ ಒಳ್ಳೆಯದಾದ ಕಾರ್ಯ ಒಂದು ನಿರ್ದಿಷ್ಟ ಸಂದರ್ಭದಲ್ಲಿ ಕೇಡಾಗಬಹುದು, ಅಥವಾ ಹೆಚ್ಚಿನ ಒಳಿತಿಗೆ ಅಡ್ಡಿಯಾಗಬಹುದು. ಆದಕಾರಣ ಹರಕೆಗೆ ವಿನಾಯಿತಿ ಇರಲೇಬೇಕು ಎಂಬುದು ಅವರ ತರ್ಕ. ಅವರ ಸಾವಿನ ಕಥೆಯನ್ನು ಮಾತ್ರ ನಾವು ಗಮನಿಸಿಯೇ ಇರಲಿಲ್ಲ. 1274ರಲ್ಲಿ ಲಿಯೋನ್ ಮಹಾಸಭೆಗೆಂದು ಹೊರಟ ತೋಮಸರು ನಡುದಾರಿಯಲ್ಲಿ ಕಾಯಿಲೆ ಬಿದ್ದು, ಇಟಲಿಯ ಫೊಸ್ಸನೋವ ಮಠದಲ್ಲಿ ಮಾರ್ಚ್ 7ರಂದು ಪ್ರಾಣಬಿಟ್ಟರು. ಮಹಾಸಭೆ ತಲುಪಲೇ ಇಲ್ಲ. ತಲುಪದವರೆಂದು ಅವರನ್ನು ಯಾರೂ ಹಳಿದಿಲ್ಲ.

ನಾವಾದರೋ ಹಳಿಯುತ್ತೇವೆ. ಆ ವರ್ಷ ತಂಡ ಹಿಂದಿರುಗಿದ ಭಾನುವಾರ, ನಡೆದು ಮುಗಿಸಿದವರನ್ನು ದಿವ್ಯಬಲಿಪೂಜೆಯ ನಂತರ ಮುಂದಕ್ಕೆ ಕರೆದು ಹಾರ ಹಾಕಲಾಯಿತು. ತರುಣ ಹಿಂದಿನ ಸಾಲಿನಲ್ಲಿ ಕುಳಿತಿದ್ದ. ಅರ್ಧಕ್ಕೇ ಬಿಟ್ಟು ಬಂದವನೆಂದು ಯಾರೋ ನಕ್ಕದ್ದು ನಮ್ಮ ಕಿವಿಗೂ ಬಿತ್ತು. ಊರುಗೋಲು ಹಿಡಿದು ಅಲ್ಲೇ ನಿಂತಿದ್ದ ನಾವು ಏನನ್ನೂ ಹೇಳಲಿಲ್ಲ. ಇಂದಿಗೂ ಚುಚ್ಚುವ ವಿಷಯವಿದು.

ಅಂದು ಹಾರ ಹಾಕಿಸಿಕೊಂಡವರಲ್ಲಿ ಐವತ್ತು ದಾಟಿದ ಒಬ್ಬರು ಬರಿಗಾಲಲ್ಲಿ ನಡೆದಿದ್ದರು. ಅವರಿಗೆ ಬಹಳ ಕಾಲದಿಂದ ಸಕ್ಕರೆ ಕಾಯಿಲೆ. ಆ ಕಾಯಿಲೆ ಹಳತಾದಾಗ ಪಾದದ ನರಗಳು ಸ್ಪರ್ಶ ಕಳೆದುಕೊಳ್ಳುತ್ತವೆ. ಮುಳ್ಳು ನೆಟ್ಟರೂ, ಟಾರಿನ ಕಾವಿಗೆ ಚರ್ಮ ಸುಟ್ಟರೂ ನೋವು ತಿಳಿಯುವುದಿಲ್ಲ. ನೋವೇ ಇಲ್ಲದೆ ನಡೆದದ್ದನ್ನು ಅವರು ಮಾತೆಯ ಅನುಗ್ರಹವೆಂದುಕೊಂಡಿದ್ದರು. ಮುಂದಿನ ತಿಂಗಳು ಬಲಗಾಲಿನ ಎರಡು ಬೆರಳುಗಳನ್ನು ತೆಗೆಯಬೇಕಾಯಿತು. ಹೊರಡುವ ಮುನ್ನ ಅವರ ಪಾದ ನೋಡುವ ಬುದ್ಧಿ ನಮಗೇಕೆ ಬರಲಿಲ್ಲ?

ವೇಳಾಂಗಣಿಯ ಪರಂಪರೆಯಲ್ಲಿ ಮಜ್ಜಿಗೆ ಮಾರುವ ಹುಡುಗನ ಕಥೆಯೊಂದಿದೆ. ಅವನು ಹುಟ್ಟುಕುಂಟ. ಹೆಜ್ಜೆಯಿಡಲಾರದೆ ಕುಳಿತಲ್ಲಿಗೇ ಮಾತೆ ಬಂದು, ಮಗುವಿಗೆಂದು ಮಜ್ಜಿಗೆ ಬೇಡಿದಳಂತೆ, ಅವನು ಕೊಟ್ಟನಂತೆ. ಅವನು ಎದ್ದು ನಾಗಪಟ್ಟಣಕ್ಕೆ ಓಡಿದ್ದು ಆಮೇಲಿನ ಮಾತು. ನಡೆಯಲಾರದವನನ್ನು ಹುಡುಕಿಕೊಂಡು ಬಂದವಳ ಸನ್ನಿಧಿಗೆ ನಾವು ಕಾಲು ಕಳೆದುಕೊಂಡು ಹೋಗುತ್ತಿದ್ದೇವೆ. ಧರ್ಮಸ್ಥಳಕ್ಕೂ ಮಲೆ ಮಹದೇಶ್ವರ ಬೆಟ್ಟಕ್ಕೂ ಪಾದಯಾತ್ರೆ ಮಾಡುವ ನಮ್ಮ ಹಿಂದೂ ಸಹೋದರರ ನಡುವೆಯೂ ಇಂಥ ಸಂಕಟಗಳು ಇರಬಹುದೆಂದು ಊಹಿಸುತ್ತೇವೆ.

ಯಾತ್ರೆ ಬೇಡವೆಂದು ನಾವು ಹೇಳುತ್ತಿಲ್ಲ. ಕಾಲು ಸರಿಹೋದರೆ ಮತ್ತೆ ಹೊರಡುವ ಆಸೆ ನಮಗೇ ಉಂಟು. ಆದರೆ ಈ ವರ್ಷ ನಮ್ಮ ಧರ್ಮಕೇಂದ್ರದ ತಂಡದ ಹಿಂದೆ ಒಂದು ವ್ಯಾನು ಹೋಗಲಿದೆ, ಅದನ್ನು ಹತ್ತಿದವರ ಹೆಸರನ್ನು ಯಾರೂ ಬರೆದಿಡುವುದಿಲ್ಲ. ಕತ್ತಲಲ್ಲಿ ಘಟ್ಟ ಇಳಿಯುವುದಿಲ್ಲ. ಹಿಂದಿರುಗಿದಾಗ ಹಾರಗಳಿರುವುದಿಲ್ಲ, ಎಲ್ಲರಿಗೂ ಊಟವಿರುತ್ತದೆ. ನಡೆಯಲಾಗದವರು ಶಿವಾಜಿನಗರದ ಸಂತ ಮರಿಯಮ್ಮನವರ ಮಹಾದೇವಾಲಯದಲ್ಲಿ ಅದೇ ದಿನಗಳಲ್ಲಿ ನಡೆಯುವ ಪ್ರಾರ್ಥನೆಗಳಿಗೆ ಹೋಗಬಹುದು. ಹೊರಡುವವರಲ್ಲಿ ಸಕ್ಕರೆ ಕಾಯಿಲೆಯಿರುವವರು ಮುಂದಿನ ಶನಿವಾರ ಸಂಜೆಯ ಪೂಜೆಯ ನಂತರ ದಾದಿಯಾಗಿರುವ ಭಗಿನಿಯವರಿಗೆ ಪಾದ ತೋರಿಸತಕ್ಕದ್ದು. ನಡೆಯುವಾಗ ಹಾಕಿಕೊಳ್ಳುವ ಚಪ್ಪಲಿಯನ್ನೂ ಜೊತೆಗೆ ತನ್ನಿ.