ಡಬ್ಬಿ ಮಾತಾಡಬಾರದು

ನನ್ನ ಚಾಚಾ ತುಮಕೂರಿನಲ್ಲಿ ಇಪ್ಪತ್ತೈದು ವರ್ಷ ರೇಡಿಯೊ, ಟಿ.ವಿ. ರಿಪೇರಿ ಅಂಗಡಿ ನಡೆಸಿದರು. ಎರಡು ವರ್ಷದ ಹಿಂದೆ ಅವರು ತೀರಿಕೊಂಡಾಗ ಅಂಗಡಿಯ ಸಾಮಾನೆಲ್ಲ ಸಿ.ಎಸ್. ಪುರದ ನಮ್ಮ ಮನೆಗೆ ಬಂತು. ಹೆಚ್ಚಿನದನ್ನು ಗುಜರಿಯವರು ತೂಕದ ಲೆಕ್ಕದಲ್ಲಿ ಒಯ್ದರು. ಉಳಿದದ್ದು ಬಿಸ್ಕತ್ತಿನ ಒಂದು ತಗಡಿನ ಡಬ್ಬಿ. ಅದರೊಳಗೆ ಬೆಂಗಳೂರಿನ ಬಿಇಎಲ್ ಕಾರ್ಖಾನೆಯ ಗುರುತಿದ್ದ, ಲೋಹದ ಟೋಪಿಯ ಹಳೆಯ ಟ್ರಾನ್ಸಿಸ್ಟರ್‌ಗಳಿದ್ದವು. ಮೇಲೆ ಗಾಜಿನ ಕಿಟಕಿ ಇರುವ ಎರಡು ಮೆಮೊರಿ ಚಿಪ್‌ಗಳಿದ್ದವು. ಯಾವುದೋ ಕಾಲೇಜಿನ ಹಳೆಯ ಕಿಟ್‌ನಿಂದ ಬಿಚ್ಚಿದ್ದಿರಬೇಕು, ಚಿನ್ನದ ಬಣ್ಣದ ಮುಚ್ಚಳದ, 40 ಕಾಲುಗಳ ಒಂದು ಇಂಟೆಲ್ 8085 ಕೂಡ ಇತ್ತು.

ಈ 8085 ಬಂದದ್ದು 1976ರಲ್ಲಿ. ಅದನ್ನು ಇಂದು ಯಾರು ಕೊಳ್ಳುತ್ತಾರೆ ಎಂದು ನೀವು ನಗಬಹುದು, ನಾನೂ ನಕ್ಕಿದ್ದೆ. ಆದರೆ ಅಂಚೆಚೀಟಿ, ಹಳೆಯ ನಾಣ್ಯ ಕೂಡಿಡುವವರ ಹಾಗೆ ಹಳೆಯ ಚಿಪ್‌ಗಳನ್ನು ಕೂಡಿಡುವವರು ಇದ್ದಾರೆ. ನಮ್ಮ ಜಿಲ್ಲೆಯವರಿಗೆ ಇದು ಹೊಸದಾಗಿ ಕಾಣಬಾರದು. ತುಮಕೂರಿನ ಎಚ್‌ಎಂಟಿ ಕಾರ್ಖಾನೆ ನಡೆಯುತ್ತಿದ್ದಾಗ ಆ ಕೈಗಡಿಯಾರಗಳು ಎಲ್ಲರ ಕೈಯಲ್ಲೂ ಇದ್ದವು, ಯಾರೂ ತಿರುಗಿ ನೋಡುತ್ತಿರಲಿಲ್ಲ. ಕಾರ್ಖಾನೆ ಮುಚ್ಚಿತು, ಈಗ ಅದೇ ಗಡಿಯಾರ ಹುಡುಕಿಕೊಂಡು ಜನ ಊರೂರು ಅಲೆಯುತ್ತಾರೆ. ಬಿಇಎಲ್ ಜರ್ಮೇನಿಯಂ ಟ್ರಾನ್ಸಿಸ್ಟರ್ ಮಾಡತೊಡಗಿದ್ದು 1962ರಲ್ಲಿ, ಸಿಲಿಕಾನ್ ಬಿಡಿಭಾಗಗಳನ್ನೂ ಐಸಿಗಳನ್ನೂ ಮಾಡತೊಡಗಿದ್ದು 1967ರಲ್ಲಿ. ನಮ್ಮ ರಾಜ್ಯದಲ್ಲೇ ತಯಾರಾದ ಅಂಥ ವಸ್ತು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಬಿದ್ದಿರುತ್ತದೆ ಎಂದರೆ ಅದನ್ನು ಕೇಳುವವರು ಇದ್ದೇ ಇರುತ್ತಾರೆ.

ಗುಜರಿಯವರೂ ಕೇಳಿದರು. ಚಿನ್ನ ಇದೆ, ಆಸಿಡ್‌ನಲ್ಲಿ ಹಾಕಿ ತೆಗೆಯುತ್ತೇವೆ ಎಂದರು. ಒಂದು ಚಿಪ್ಪಿನಲ್ಲಿ ಸಿಗುವ ಚಿನ್ನ ಕಣ್ಣಿಗೆ ಕಾಣದಷ್ಟು. ಅದಕ್ಕಾಗಿ ಮನೆಯ ಹಿತ್ತಿಲಲ್ಲಿ ನೈಟ್ರಿಕ್ ಆಮ್ಲದ ಹೊಗೆ ಕುಡಿಯುವುದು ಹುಚ್ಚುತನ ಎಂಬುದು ನನ್ನ ಅಭಿಪ್ರಾಯ, ಆ ವಿಷಯ ಅಷ್ಟಕ್ಕೇ ಬಿಡುತ್ತೇನೆ.

ಕೊನೆಗೆ ಬೇರೆ ರಾಜ್ಯದ ಸಂಗ್ರಾಹಕರೊಬ್ಬರು 8085ಕ್ಕೆ 2,200 ರೂಪಾಯಿ ಕೊಡಲು ಒಪ್ಪಿ ಮೊದಲೇ ಹಣ ಕಳಿಸಿದರು. ಚಾಚಿ ಆ ಹಣವನ್ನು ಹೊಲಿಗೆ ಯಂತ್ರದ ರಿಪೇರಿಗೆ ಕೊಟ್ಟುಬಿಟ್ಟರು. ಪಾರ್ಸೆಲ್ ಮಾಡುವ ಕೆಲಸ ನನ್ನ ಪಾಲಿಗೆ ಬಂತು, ಏಕೆಂದರೆ ಮನೆಯಲ್ಲಿ ಎಲೆಕ್ಟ್ರಾನಿಕ್ಸ್ ಓದುವವಳು ನಾನೊಬ್ಬಳೇ.

ನಾನು ಮಾಡಿದ್ದು ಹೀಗೆ. ಹೊಸ ಮಿಕ್ಸಿಯ ಪೆಟ್ಟಿಗೆಯಲ್ಲಿ ಬಂದಿದ್ದ ಥರ್ಮಾಕೋಲ್ ತುಂಡಿಗೆ ಚಿಪ್ಪಿನ ಕಾಲುಗಳನ್ನು ಚುಚ್ಚಿದೆ. ಬೀಳದಿರಲೆಂದು ಎರಡು ರಬ್ಬರ್ ಬ್ಯಾಂಡ್ ಹಾಕಿದೆ. ಮಿಠಾಯಿ ಡಬ್ಬಿಯಲ್ಲಿಟ್ಟು, ಸುತ್ತ ಸ್ವಲ್ಪ ಹತ್ತಿ ತುಂಬಿ, ಮೇಲೆ ಕೆಂಪು ಪೆನ್ನಿನಲ್ಲಿ ದೊಡ್ಡದಾಗಿ ‘ಒಡೆಯುವ ವಸ್ತು, ಜೋಪಾನ’ ಎಂದು ಮೂರು ಭಾಷೆಯಲ್ಲಿ ಬರೆದೆ. ಬರೆದದ್ದು ಮಾತ್ರ ಬಹಳ ಚೆಂದವಾಗಿತ್ತು.

ಹತ್ತು ದಿನದ ಮೇಲೆ ಅವರಿಂದ ಫೋಟೊ ಬಂತು. ಮೂರು ಕಾಲು ಬಗ್ಗಿದ್ದವು, ಎರಡು ಬುಡದಲ್ಲೇ ಮುರಿದಿದ್ದವು. ಚಿಪ್ ಥರ್ಮಾಕೋಲಿನಿಂದ ಕಿತ್ತು ಬಂದು ಡಬ್ಬಿಯೊಳಗೆ ಓಡಾಡಿದೆ. ಅವರು ಸಿಟ್ಟಾಗಲಿಲ್ಲ, ಅರ್ಧ ಹಣ ಇಟ್ಟುಕೊಳ್ಳಿ ಎಂದರು. ಚಾಚಿ ಒಪ್ಪಲಿಲ್ಲ. ಬಟ್ಟೆ ಹೊಲಿದು ಎರಡು ತಿಂಗಳಲ್ಲಿ ಪೂರ್ತಿ 2,200 ರೂಪಾಯಿ ಹಿಂದಿರುಗಿಸಿದರು. ಆ ಎರಡು ತಿಂಗಳು ನಾನು ಅವರ ಮುಖ ನೋಡಲು ನಾಚುತ್ತಿದ್ದೆ.

ಮನೆಯಲ್ಲಿ ಎಲ್ಲರೂ ಹೇಳಿದ್ದು ಒಂದೇ ಮಾತು: ಅಂಚೆಯವರು ಎಸೆದಿದ್ದಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ, ಈ ಲೇಖನ ಬರೆಯಲು ಅದೇ ಕಾರಣ. ನಮ್ಮೂರಿನಿಂದ ಹೊರಟ ಪೊಟ್ಟಣ ಚೀಲಕ್ಕೆ ಬೀಳುತ್ತದೆ, ಚೀಲ ಗಾಡಿಗೆ ಬೀಳುತ್ತದೆ, ಅದರ ಮೇಲೆ ಇನ್ನೊಂದು ಚೀಲ ಬೀಳುತ್ತದೆ, ವಿಂಗಡಣೆಯ ಕಡೆ ಎಲ್ಲವನ್ನೂ ಸುರಿಯುತ್ತಾರೆ, ಮತ್ತೆ ತುಂಬುತ್ತಾರೆ. ಸಾವಿರಾರು ಪೊಟ್ಟಣಗಳ ನಡುವೆ ನನ್ನ ಕೆಂಪು ಅಕ್ಷರವನ್ನು ಓದಿ, ಎರಡು ಕೈಯಲ್ಲಿ ಎತ್ತಿಡಲು ಯಾರಿಗೆ ಪುರುಸೊತ್ತಿದೆ? ಚೀಲದ ಒಳಗಿರುವಾಗ ಅಕ್ಷರ ಯಾರಿಗೂ ಕಾಣುವುದೂ ಇಲ್ಲ. ಎದೆಯ ಎತ್ತರದಿಂದ ಬಿದ್ದರೂ ಒಳಗಿನದಕ್ಕೆ ಏನೂ ಆಗದ ಹಾಗೆ ಕಟ್ಟುವುದು ಕಳಿಸುವವರ ಕೆಲಸ. ‘ಜೋಪಾನ’ ಎಂದು ಬರೆದು ನಾನು ನನ್ನ ಹೊಣೆಯನ್ನು ಹೆಸರು ಗೊತ್ತಿಲ್ಲದ ಹತ್ತು ಜನರ ತಲೆಗೆ ಕಟ್ಟಿದ್ದೆ, ಅಷ್ಟೆ. ಈಗ ಸ್ಪೀಡ್ ಪೋಸ್ಟಿಗೆ ವಿಮೆ ಮಾಡಿಸಬಹುದು, ಮಾಡಿಸಬೇಕು ಕೂಡ. ಆದರೆ ವಿಮೆ ಹಣ ತಂದುಕೊಟ್ಟೀತು, ಮುರಿದ ಕಾಲನ್ನು ತಂದುಕೊಡುವುದಿಲ್ಲ.

ಇದನ್ನು ನನಗೆ ಸರಿಯಾಗಿ ತಿಳಿಸಿದವರು ನಾನಿ. ಅವರು ಮೂವತ್ತು ವರ್ಷ ಬಳೆ ಮಾರಿದವರು. ಗುಬ್ಬಿ ಜಾತ್ರೆ, ಸಿದ್ಧಗಂಗೆ ಜಾತ್ರೆಗಳಿಗೆ ಗಾಜಿನ ಬಳೆಯ ಗಂಟು ಹೊತ್ತು ಹೋಗಿ ಬರುತ್ತಿದ್ದರು. ಉತ್ತರ ಪ್ರದೇಶದ ಫಿರೋಜಾಬಾದಿನಿಂದ ಗಾಜಿನ ಬಳೆ ಲಾರಿಯಲ್ಲಿ ಇಲ್ಲಿಯವರೆಗೆ ಬರುತ್ತದಲ್ಲ, ಹೇಗೆ ಬರುತ್ತದೆ ಎಂದು ಅವರನ್ನು ಕೇಳಿದೆ. ಒಂದಕ್ಕೊಂದು ಒತ್ತಿ ದಾರದಲ್ಲಿ ಬಿಗಿಯಾಗಿ ಕಟ್ಟಿರುತ್ತಾರೆ, ಕಾಗದ ಸುತ್ತಿರುತ್ತಾರೆ, ಪೆಟ್ಟಿಗೆಯ ಸಂದಿಗಳಿಗೆ ಹುಲ್ಲು ತುರುಕಿರುತ್ತಾರೆ ಎಂದರು. ‘ಬಳೆ ಒಡೆಯೋದು ಪೆಟ್ಟಿಗಲ್ಲ ಮಗಾ, ಅಲ್ಲಾಟಕ್ಕೆ. ಕಟ್ಟಿದ ಮೇಲೆ ಕಿವಿ ಹತ್ತಿರ ಹಿಡಿದು ಅಲ್ಲಾಡಿಸು. ಡಬ್ಬಿ ಮಾತಾಡಬಾರದು. ಮಾತಾಡಿದರೆ ಬಿಚ್ಚಿ ಮತ್ತೆ ಕಟ್ಟು.’ ನನ್ನ ಮಿಠಾಯಿ ಡಬ್ಬಿ ಅಂದು ಟಕಟಕ ಎಂದಿತ್ತು. ನಾನು ಕೇಳಿಸಿಕೊಂಡೂ ಟೇಪ್ ಹಚ್ಚಿದ್ದೆ.

ಬಳೆಗೆ ಇಷ್ಟು ಸಾಕು. ಚಿಪ್ಪಿಗೆ ಇನ್ನೊಂದು ಶತ್ರು ಇದೆ, ಅದನ್ನು ನಮ್ಮ ಎಲೆಕ್ಟ್ರಾನಿಕ್ಸ್ ಮೇಡಂ ಹೇಳಿದರು: ಸ್ಥಾಯಿ ವಿದ್ಯುತ್ತು. ಬಾಚಣಿಗೆಯನ್ನು ತಲೆಗೆ ಉಜ್ಜಿ ಕಾಗದದ ಚೂರು ಎತ್ತುವ ಆಟವನ್ನು ನಾವೆಲ್ಲ ಆಡಿದ್ದೇವೆ. ಒಣಹವೆಯ ದಿನಗಳಲ್ಲಿ ನೈಲಾನ್ ದುಪಟ್ಟಾ ತೆಗೆಯುವಾಗ ಚಟಚಟ ಎನ್ನುವುದೂ ಅದೇ. ಕೈಗೆ ಚುರುಕ್ ಎಂದು ಗೊತ್ತಾಗಬೇಕಾದರೆ ಸುಮಾರು 3,000 ವೋಲ್ಟ್ ಬೇಕು. ಮಾಸ್ ಮಾದರಿಯ ಚಿಪ್‌ಗಳಿಗೆ ಕೆಲವು ನೂರು ವೋಲ್ಟ್ ಸಾಕು. ಅದರ ಗೇಟಿನ ಕೆಳಗಿರುವ ಸಿಲಿಕಾನ್ ಡೈಆಕ್ಸೈಡ್ ಪದರ ಅಷ್ಟು ತೆಳು, ಒಂದೇ ಕಿಡಿಗೆ ತೂತಾಗುತ್ತದೆ. ನಮಗೆ ಏನೂ ಅನ್ನಿಸುವುದಿಲ್ಲ, ಚಿಪ್ ಸತ್ತಿರುತ್ತದೆ. ನಾನು ಚುಚ್ಚಿದ್ದ ಥರ್ಮಾಕೋಲ್ ಇದೆಯಲ್ಲ, ಅದು ಉಜ್ಜಿದರೆ ಬಹಳ ಬೇಗ ಚಾರ್ಜ್ ಆಗುವ ವಸ್ತು. ಕಾಲು ಮುರಿಯದಿದ್ದರೂ ಆ 8085 ಬದುಕಿರುತ್ತಿತ್ತೋ ಇಲ್ಲವೋ. ಚಾಚಾ ಇಟ್ಟಿದ್ದ ಹಳೆಯ ಬಿಇಎಲ್ ಟ್ರಾನ್ಸಿಸ್ಟರ್‌ಗಳು ಬೈಪೋಲಾರ್ ಆದ್ದರಿಂದ ಇಷ್ಟು ಸೂಕ್ಷ್ಮವಲ್ಲ. ನಮ್ಮ ಲ್ಯಾಬಿನ ಎಸ್‌ಎಲ್100 ನಮ್ಮೆಲ್ಲರ ಕೈಯಲ್ಲಿ ಸಿಕ್ಕಿಯೂ ಉಳಿದಿರುವುದು ಅದಕ್ಕೇ ಇರಬೇಕು.

ಇಲ್ಲಿ ಒಬ್ಬ ಗೆಳತಿ ನನ್ನೊಡನೆ ವಾದಕ್ಕೆ ನಿಂತಳು. ಕೊಳ್ಳುವವರು ಅದನ್ನು ಗಾಜಿನ ಚೌಕಟ್ಟಿನಲ್ಲಿ ಹಾಕಿ ಗೋಡೆಗೆ ತೂಗುಹಾಕುತ್ತಾರೆ, ಸತ್ತರೇನು ಬದುಕಿದರೇನು, ನೋಡಲು ಚೆನ್ನಾಗಿದ್ದರೆ ಸಾಲದೇ ಎಂದಳು. ಮಾತು ಸುಳ್ಳಲ್ಲ. ಆದರೆ ನಾನು ಉಲ್ಟಾ ಯೋಚಿಸುತ್ತೇನೆ. ಕಾಲು ಬಗ್ಗಿದ್ದು ಕಣ್ಣಿಗೆ ಕಾಣುತ್ತದೆ, ಕೊಂಡವರು ಕೇಳುತ್ತಾರೆ. ಕಿಡಿ ಬಿದ್ದು ಸತ್ತದ್ದು ಯಾರಿಗೂ ಕಾಣುವುದಿಲ್ಲ, ಅವರು ಎಂದಿಗೂ ಕೇಳದಿರಬಹುದು. ಅದನ್ನು ಬಲ್ಲವರು ಕಟ್ಟಿದವರು ಮಾತ್ರ. ಹಣ ತೆಗೆದುಕೊಂಡ ಮೇಲೆ ಅವರ ಕೈ ಸೇರುವವರೆಗೆ ಅದು ನನ್ನ ಹತ್ತಿರ ಇರುವ ಅಮಾನತ್ತು. ‘ಕೆಲಸ ಮಾಡುತ್ತದೆ’ ಎಂದು ಬರೆದು ಥರ್ಮಾಕೋಲಿಗೆ ಚುಚ್ಚಿ ಕಳಿಸಿದರೆ ನಾನು ಬರೆದ ಮಾತು ದಾರಿಯಲ್ಲೇ ಸುಳ್ಳಾಗುತ್ತದೆ.

ಈಗ ನಾನು ಕಟ್ಟುವ ಬಗೆ ಬೇರೆ. ಮೊದಲು ನಲ್ಲಿಯ ಕಬ್ಬಿಣದ ಪೈಪನ್ನೋ ಕಿಟಕಿಯ ಸರಳನ್ನೋ ಮುಟ್ಟಿ ಮೈಯ ಚಾರ್ಜ್ ಕಳೆದುಕೊಳ್ಳುತ್ತೇನೆ, ಹತ್ತಿ ಬಟ್ಟೆ ತೊಟ್ಟು ಕೂರುತ್ತೇನೆ. ಚಿಪ್ಪನ್ನು ಕಾಲುಗಳಿಂದ ಹಿಡಿಯದೆ ಎರಡು ತುದಿಗಳಿಂದ ಹಿಡಿಯುತ್ತೇನೆ. ಬಗ್ಗಿದ ಕಾಲನ್ನು ನೆಟ್ಟಗೆ ಮಾಡುವ ಆಸೆ ಬೇಡ, ಎರಡು ಮೂರು ಸಲ ಬಗ್ಗಿಸಿದರೆ ಮುರಿದೇ ಹೋಗುತ್ತದೆ. ಕಾಲುಗಳನ್ನು ವಿದ್ಯುತ್ ಹರಿಯುವ ಕಪ್ಪು ಫೋಮಿಗೆ ಚುಚ್ಚಬೇಕು. ಇದು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ. ಎಲ್ಲ ಕಾಲುಗಳೂ ಒಂದೇ ವೋಲ್ಟೇಜಿನಲ್ಲಿ ಇರುವುದರಿಂದ ಒಳಗೆ ಕಿಡಿ ಹಾಯುವುದಿಲ್ಲ. ಫೋಮ್ ಸಿಗದಿದ್ದರೆ, ದಪ್ಪ ರಟ್ಟಿನ ಮೇಲೆ ರೊಟ್ಟಿ ಸುತ್ತುವ ಅಲ್ಯೂಮಿನಿಯಂ ಹಾಳೆಯನ್ನು ಎರಡು ಮೂರು ಮಡಿಕೆ ಮಾಡಿ, ಅದಕ್ಕೆ ಕಾಲು ತಾಗುವಂತೆ ಇಟ್ಟರೂ ನಡೆಯುತ್ತದೆ. ಒಂದು ಎಚ್ಚರ: ಆ ಕಪ್ಪು ಫೋಮ್ ಪ್ರಯಾಣಕ್ಕೆ ಮಾತ್ರ. ವರ್ಷಗಟ್ಟಲೆ ಅದರಲ್ಲೇ ಬಿಟ್ಟರೆ ಫೋಮ್ ಕರಗಿ ಅಂಟಾಗಿ ಕಾಲುಗಳಿಗೆ ತುಕ್ಕು ಹಿಡಿಸುತ್ತದೆ. ರಬ್ಬರ್ ಬ್ಯಾಂಡಂತೂ ಬೇಡವೇ ಬೇಡ, ಅದರಲ್ಲಿರುವ ಗಂಧಕ ಬೆಳ್ಳಿ ಲೇಪನವನ್ನು ಕಪ್ಪು ಮಾಡುತ್ತದೆ.

ಫೋಮಿನ ಸಮೇತ ಅದನ್ನು ಬೆಳ್ಳಿ ಬಣ್ಣದ ಕವರಿನಲ್ಲಿ ಹಾಕಬೇಕು. ಗುಲಾಬಿ ಬಣ್ಣದ ಪ್ಲಾಸ್ಟಿಕ್ ಕವರ್ ತಾನು ಚಾರ್ಜ್ ಆಗುವುದಿಲ್ಲ, ಆದರೆ ಹೊರಗಿನ ಕಿಡಿಯನ್ನು ತಡೆಯುವುದಿಲ್ಲ. ಬೆಳ್ಳಿ ಕವರಿನಲ್ಲಿ ತೆಳುವಾದ ಲೋಹದ ಪದರ ಇರುತ್ತದೆ. ದ್ವಿತೀಯ ಪಿಯು ಭೌತಶಾಸ್ತ್ರದ ಎರಡನೇ ಅಧ್ಯಾಯದಲ್ಲಿ ವಾಹಕದ ಒಳಗೆ ವಿದ್ಯುತ್ ಕ್ಷೇತ್ರ ಸೊನ್ನೆ ಎಂದು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತೇವಲ್ಲ, ಅದು ಎರಡು ರೂಪಾಯಿಯ ಕವರಿನಲ್ಲಿ ಕೆಲಸ ಮಾಡುತ್ತಿರುವುದನ್ನು ಕಂಡು ನನಗೆ ನಿಜವಾಗಿಯೂ ಖುಷಿಯಾಯಿತು. ಆಮೇಲೆ ಎರಡು ರಟ್ಟಿನ ನಡುವೆ ಸ್ಯಾಂಡ್‌ವಿಚ್, ಸುತ್ತ ಬಬಲ್ ರ‍್ಯಾಪ್, ಒಂದು ಸಣ್ಣ ಗಟ್ಟಿ ಡಬ್ಬಿ, ಆ ಡಬ್ಬಿ ಇನ್ನೊಂದು ದೊಡ್ಡ ಡಬ್ಬಿಯೊಳಗೆ. ಎರಡು ಡಬ್ಬಿಗಳ ನಡುವೆ ಎಲ್ಲ ಕಡೆಯೂ ಮೂರು ಬೆರಳಿನಷ್ಟು ಜಾಗ, ಅದರ ತುಂಬ ಉಂಡೆ ಮಾಡಿದ ಹಳೆಯ ಪೇಪರ್. ಮಳೆಗಾಲವಾದರೆ ಹೊರಗೊಂದು ಪ್ಲಾಸ್ಟಿಕ್ ಹಾಳೆ. ಕೊನೆಗೆ ನಾನಿಯ ಕಿವಿ.

ಕಿಟಕಿ ಇರುವ ಮೆಮೊರಿ ಚಿಪ್‌ಗಳದು ಬೇರೆಯೇ ಕಥೆ. ಆ ಕಿಟಕಿಯ ಮೂಲಕ ಅತಿನೇರಳೆ ಬೆಳಕು ಬಿಟ್ಟರೆ ಒಳಗಿನ ಪ್ರೋಗ್ರಾಂ ಅಳಿಸಿಹೋಗುತ್ತದೆ, ನೇರ ಬಿಸಿಲಿಗೂ ಸುಮಾರು ಒಂದು ವಾರ ಸಾಕು. ಚಾಚಾ ಕಿಟಕಿಗಳ ಮೇಲೆ ಚೀಟಿ ಅಂಟಿಸಿ, ಅದರ ಮೇಲೆ ಏನೋ ಉರ್ದುವಿನಲ್ಲಿ ಬರೆದಿದ್ದಾರೆ. ಚೀಟಿ ಕಿತ್ತು ತೊಳೆದು ಕಳಿಸಿದರೆ ಚೆಂದ ಕಾಣುತ್ತದೆ ಎಂದು ಮೊದಲು ಅಂದುಕೊಂಡಿದ್ದೆ. ಮೇಡಂ ತಡೆದರು. ಅವೆರಡನ್ನೂ ಮಾರುವುದಿಲ್ಲ ಎಂದು ಚಾಚಿ ಆಮೇಲೆ ಹೇಳಿದರು.

ಇದನ್ನೆಲ್ಲ ಇಲ್ಲಿ ಬರೆಯುತ್ತಿರುವುದಕ್ಕೆ ಇನ್ನೊಂದು ಕಾರಣವೂ ಇದೆ. ನಮ್ಮ ಕಾಲೇಜಿನ ಸ್ಟೋರ್ ರೂಮಿನಲ್ಲಿ ಕೆಟ್ಟುಹೋದ ಕಂಪ್ಯೂಟರ್‌ಗಳೂ ಮೈಕ್ರೊಪ್ರೊಸೆಸರ್ ಕಿಟ್‌ಗಳೂ ರಾಶಿ ಬಿದ್ದಿವೆ. ಈ ವರ್ಷ ಅವುಗಳನ್ನು ವಿಲೇವಾರಿ ಮಾಡುತ್ತಾರೆ ಎಂದು ಕೇಳಿದ್ದೇನೆ. ಜಾಗ ಬೇಕು, ಗೊತ್ತು. ಆಡಳಿತ ಮಂಡಳಿಯವರಲ್ಲೂ ಪ್ರಾಂಶುಪಾಲರಲ್ಲೂ ನನ್ನ ವಿನಂತಿ ಇಷ್ಟೇ: ಕೊಡುವ ಮೊದಲು ಒಂದು ಶನಿವಾರ ಮಧ್ಯಾಹ್ನ ನಮಗೆ ಬಿಟ್ಟುಕೊಡಿ. ಮೇಡಂ ಮುಂದೆ ಚಿಪ್‌ಗಳನ್ನು ಬಿಚ್ಚಿ, ಮೇಲೆ ಬರೆದಿರುವ ಸಂಖ್ಯೆ ಗುರುತು ಹಾಕಿಕೊಳ್ಳುತ್ತೇವೆ. ಇಂಟೆಲ್‌ನ ಹಳೆಯ ಚಿಪ್‌ಗಳಲ್ಲಿ ಸಂಖ್ಯೆಯ ಮೊದಲು ಸಿ ಅಥವಾ ಡಿ ಅಕ್ಷರ ಇದ್ದರೆ ಸೆರಾಮಿಕ್, ಪಿ ಇದ್ದರೆ ಪ್ಲಾಸ್ಟಿಕ್, ಅಷ್ಟು ತಿಳಿದರೆ ಆರಿಸಬಹುದು. ಒಂದೊಂದು ಮಾದರಿಯನ್ನು ಲ್ಯಾಬಿನ ಗಾಜಿನ ಕಪಾಟಿನಲ್ಲಿ ಇಡೋಣ. ಎರಡನೆಯದು ಇದ್ದರೆ ಕೇಳಿದವರಿಗೆ ಕಳಿಸೋಣ, ಬಂದ ಹಣ ಲ್ಯಾಬಿಗೆ. ಪುಸ್ತಕದಲ್ಲಿ 8051ರ ಕಾಲುಗಳ ಚಿತ್ರ ಬರೆದು ಅಂಕ ತೆಗೆದವರಲ್ಲಿ ಎಷ್ಟು ಜನ ಅದನ್ನು ಕೈಯಲ್ಲಿ ಹಿಡಿದು ನೋಡಿದ್ದೇವೆ?

ಹೋದ ತಿಂಗಳು ಬಿಇಎಲ್ ಟ್ರಾನ್ಸಿಸ್ಟರ್‌ಗಳಲ್ಲಿ ಆರನ್ನು ಅದೇ ಸಂಗ್ರಾಹಕರಿಗೆ ಕಳಿಸಿದೆವು. ಅವರು ನಮ್ಮಿಂದಲೇ ಮತ್ತೆ ಕೊಂಡರು, ಅದು ಚಾಚಿ ಹಿಂದಿರುಗಿಸಿದ ಹಣದ ಪುಣ್ಯ ಎಂದು ಅಬ್ಬಾ ಹೇಳುತ್ತಾರೆ. ಈ ಸಲ ಡಬ್ಬಿಯ ಮೇಲೆ ವಿಳಾಸ ಬಿಟ್ಟು ಏನೂ ಬರೆಯಲಿಲ್ಲ. ಒಂದೂ ಕಾಲು ಬಗ್ಗದೆ ತಲುಪಿವೆ.

ಕೊನೆಯದಾಗಿ ಒಂದು ಮಾತು, ಮುಖ್ಯವಾಗಿ ಆಫೀಸಿನವರಿಗೆ. ಹೊಸ ಕಂಪ್ಯೂಟರ್‌ಗಳು ಬಂದಾಗ ಒಳಗಿನ ಭಾಗಗಳಿಗೆ ಸುತ್ತಿರುವ ಬೆಳ್ಳಿ ಕವರ್‌ಗಳನ್ನೂ ಕಪ್ಪು ಫೋಮನ್ನೂ ಕಸಕ್ಕೆ ಹಾಕಬೇಡಿ. ಲ್ಯಾಬಿನ ಅಟೆಂಡರ್ ಅಣ್ಣನ ಹತ್ತಿರ ಒಂದು ರಟ್ಟಿನ ಪೆಟ್ಟಿಗೆ ಇಟ್ಟಿದ್ದೇನೆ, ಅದರಲ್ಲಿ ಹಾಕಿದರೆ ಸಾಕು.